ಕಡಲದಂಡೆಯಲ್ಲಿ ನಾಯಿಯೊಡನೆ

ನಮ್ಮ ಪಡುವಣ ಕರಾವಳಿಯಲ್ಲಿ ಬೆಳಗು ಬೆನ್ನ ಹಿಂದಿನಿಂದ ಬರುತ್ತದೆ. ಸೂರ್ಯನು ಸಮುದ್ರದಿಂದ ಎದ್ದು ಬರುವ ನೋಟ ಪೂರ್ವ ಕರಾವಳಿಯವರ ಭಾಗ್ಯ. ಕಾರವಾರದ ದಂಡೆಯಲ್ಲಿ ನಿಂತವನಿಗೆ ಮೊದಲು ನೀರಿನ ಬಣ್ಣ ತಿಳಿಯಾಗುತ್ತದೆ, ಕೂರ್ಮಗಡದ ಅಂಚು ಮೂಡುತ್ತದೆ, ದೇವಗಡದ ದೀಪಸ್ತಂಭದ ಮಿನುಗು ಮಂಕಾಗುತ್ತದೆ. ಸಹ್ಯಾದ್ರಿಯ ಕವಲುಗಳನ್ನೇರಿ ಬಿಸಿಲು ಮರಳಿಗಿಳಿಯುವಷ್ಟರಲ್ಲಿ ನಡೆಯುವವರು ಅರ್ಧ ದಾರಿ ಮುಗಿಸಿರುತ್ತಾರೆ. ಉತ್ತರಕ್ಕೆ ಕಾಳಿ ನದಿ ಕಡಲು ಸೇರುವ ಕೋಡಿಬಾಗ, ದಕ್ಷಿಣಕ್ಕೆ ಬೈತಖೋಲದ ಗುಡ್ಡ. ಇವೆರಡರ ನಡುವಣ ಮರಳಿನಲ್ಲಿ ನಸುಕಿಗೇ ನಡೆಯಬರುವವರು ಬಹಳ. ನಿವೃತ್ತರು, ಸಕ್ಕರೆ ಕಾಯಿಲೆಯವರು, ಸೈನ್ಯದ ಆಯ್ಕೆಗಾಗಿ ಓಡುವ ಹುಡುಗರು. ನಾಯಿಯನ್ನು ಜೊತೆಗೆ ಕರೆತರುವ ಕೆಲವರಲ್ಲಿ ನಾನೂ ಒಬ್ಬ. ನನ್ನ ಜೊತೆಗಾರ ಮೋತಿ ಯಾವ ವಂಶಾವಳಿಯೂ ಇಲ್ಲದ ಊರನಾಯಿ. ಅದಕ್ಕಿರುವ ವಿಶೇಷ ಗುಣವೆಂದರೆ ಒಂದೇ, ಸಂಗಪ್ರಿಯತೆ. ಈ ಗುಣ ಎಂಥದು, ಎಲ್ಲಿಂದ ಬರುತ್ತದೆ, ಅದರ ಮೇರೆ ಎಲ್ಲಿ ಎಂಬುದನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಕಡಲಿಗೆ ಬಂದ ನಾಯಿ ಕಡಲನ್ನೇ ನೋಡೀತೆಂದು ನಾವು ಎಣಿಸುತ್ತೇವೆ. ನಸುಕಿನಲ್ಲಿ ಅದು ಹಾಗೆ ಮಾಡುವುದಿಲ್ಲ. ನೀರಿಗೆ ಬೆನ್ನು ಮಾಡಿ, ಊರಿನ ಕಡೆಗೆ ಮೂಗೆತ್ತಿ ನಿಲ್ಲುತ್ತದೆ. ಇದಕ್ಕೆ ಕಾರಣ ಗಾಳಿ. ಇರುಳಿನಲ್ಲಿ ನೆಲ ಬೇಗ ತಣಿಯುತ್ತದೆ, ನೀರು ಬೇಗ ತಣಿಯದು. ತಣಿದ ನೆಲದ ಮೇಲಣ ಭಾರವಾದ ಗಾಳಿ ಕಡಲಿನತ್ತ ಮೆಲ್ಲನೆ ಹರಿಯುತ್ತದೆ. ಸೂರ್ಯೋದಯವಾಗಿ ನೆಲ ಕಾದ ಮೇಲೆ, ಸಾಮಾನ್ಯವಾಗಿ ಮುಂಬಗಲು ಕಳೆಯುವ ಹೊತ್ತಿಗೆ, ಗಾಳಿ ದಿಕ್ಕು ಬದಲಿಸಿ ಕಡಲಿನಿಂದ ಬೀಸತೊಡಗುತ್ತದೆ. ಹೀಗಾಗಿ ನಸುಕಿನ ಗಾಳಿ ದಂಡೆಗೆ ತರುವುದು ಊರಿನ ವಾಸನೆಗಳನ್ನು: ಬಚ್ಚಲೊಲೆಯ ಹೊಗೆ, ಬೇಕರಿಯ ಪಾವು, ಮೀನು ಪೇಟೆಯ ನಿನ್ನೆಯ ನೀರು, ಬೇರೆ ಕೇರಿಗಳ ನಾಯಿಗಳು. ನಾವು ವರ್ತಮಾನಪತ್ರಿಕೆ ಬಿಡಿಸುವ ಹೊತ್ತಿಗೆ ಮೋತಿ ತನ್ನ ಪತ್ರಿಕೆಯನ್ನು ಓದಿ ಮುಗಿಸಿರುತ್ತದೆ.

ಆ ಓದಿಗೆ ಅದಕ್ಕಿರುವ ಸಾಧನ ಸಾಮಾನ್ಯದ್ದಲ್ಲ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಕೆಲವೇ ದಶಲಕ್ಷವಾದರೆ ನಾಯಿಯಲ್ಲಿ ಇಪ್ಪತ್ತು ಕೋಟಿಗೂ ಮಿಗಿಲೆಂಬ ಅಂದಾಜಿದೆ. ಲೆಕ್ಕಕ್ಕಿಂತ ನನ್ನನ್ನು ಬೆರಗುಗೊಳಿಸುವುದು ಅದರ ಉಸಿರಾಟದ ಜಾಣ್ಮೆ. ನಾವು ಉಸಿರು ಬಿಟ್ಟಾಗ ಎದುರಿಗಿದ್ದ ವಾಸನೆ ಚದುರಿಹೋಗುತ್ತದೆ. ನಾಯಿಯ ಹೊಳ್ಳೆಯ ಪಕ್ಕದಲ್ಲಿ ಒಂದು ಸೀಳಿದೆ. ಬಿಟ್ಟ ಉಸಿರು ಅದರ ಮೂಲಕ ಹಿಂದಕ್ಕೂ ಪಕ್ಕಕ್ಕೂ ಹೋಗುವುದರಿಂದ ಮುಂದಿನ ವಾಸನೆ ಕೆಡುವುದಿಲ್ಲ. ಕಂಬದ ಬುಡದಲ್ಲಿ ಅದು ನಿಂತಾಗ ಹಗ್ಗ ಜಗ್ಗಿ ಎಳೆಯುವವರನ್ನು ದಿನವೂ ನೋಡುತ್ತೇನೆ. ಅದು, ಓದುತ್ತಿರುವವನ ಕೈಯಿಂದ ಪುಸ್ತಕವನ್ನು ಕಿತ್ತುಕೊಂಡ ಹಾಗೆ.

ಇನ್ನು ಸಂಗಪ್ರಿಯತೆಯ ಮಾತು. ಬಾಲ ಅಲ್ಲಾಡಿಸಿದ ಮಾತ್ರಕ್ಕೆ ನಾಯಿ ಸ್ನೇಹಮಯವೆಂದು ತಿಳಿಯುವುದು ಅರೆತಿಳಿವಳಿಕೆ. ಬಾಲದ ಅಲುಗಾಟ ಉದ್ವೇಗದ ಗುರುತು. ಆ ಉದ್ವೇಗ ಯಾವುದೆಂಬುದನ್ನು ಉಳಿದ ಮೈ ಹೇಳಬೇಕು. ಇಟಲಿಯ ಕಡಲೂರಾದ ಬಾರಿಯ ವಿಶ್ವವಿದ್ಯಾಲಯದವರೂ ಅವರ ಸಹೋದ್ಯೋಗಿಗಳೂ 2007ರಲ್ಲಿ ಪ್ರಕಟಿಸಿದ ಒಂದು ಪರಿಶೀಲನೆ ಸ್ವಾರಸ್ಯವಾಗಿದೆ. ಯಜಮಾನನನ್ನು ಕಂಡಾಗ ನಾಯಿಗಳ ಬಾಲ ಅವುಗಳ ಬಲಕ್ಕೆ ಹೆಚ್ಚು ತೂಗುತ್ತಿತ್ತು. ಅಪರಿಚಿತವಾದ ಜಬರದಸ್ತು ನಾಯಿಯನ್ನು ಕಂಡಾಗ ಎಡಕ್ಕೆ. ಇಷ್ಟು ಸೂಕ್ಷ್ಮವನ್ನು ದಂಡೆಯ ಮೇಲೆ ನಡೆಯುತ್ತ ಗುರುತಿಸುವುದು ಕಷ್ಟ. ಆದರೆ ಸ್ಥೂಲವಾದುದನ್ನು ಯಾರಾದರೂ ಕಾಣಬಹುದು. ಸಭ್ಯವಾದ ನಾಯಿ ಮತ್ತೊಂದು ನಾಯಿಯ ಬಳಿಗೆ ನೇರವಾಗಿ ನುಗ್ಗುವುದಿಲ್ಲ. ಬಿಲ್ಲಿನಂತೆ ಬಳಸಿ ಬರುತ್ತದೆ, ಕಣ್ಣಿಗೆ ಕಣ್ಣು ಕೊಡುವುದಿಲ್ಲ, ಪಕ್ಕದಿಂದ ಮೂಸುತ್ತದೆ, ತನ್ನನ್ನು ಮೂಸಲು ಬಿಡುತ್ತದೆ. ಮುಂಗಾಲು ಚಾಚಿ ಎದೆ ತಗ್ಗಿಸಿದರೆ ಆಟಕ್ಕೆ ಆಹ್ವಾನ. ಹಗ್ಗವನ್ನು ಬಿಗಿಯಾಗಿ ಹಿಡಿದರೆ ಈ ಉಪಚಾರವೆಲ್ಲ ಕೆಡುತ್ತದೆ: ಕೊರಳು ಮೇಲಕ್ಕೆದ್ದು ಎದೆ ಮುಂದೆ ಚಾಚಿ, ಪಾಪದ ನಾಯಿಯೂ ಜಗಳಗಂಟನಂತೆ ತೋರುತ್ತದೆ. ಎದುರಿನದು ಅದನ್ನು ಹಾಗೆಯೇ ಓದಿಕೊಂಡು ಉತ್ತರ ಕೊಡುತ್ತದೆ. ದಂಡೆಯ ಜಗಳಗಳಲ್ಲಿ ಅನೇಕವು ನಾಯಿಯವಲ್ಲ, ಹಗ್ಗದವು. ಆದ್ದರಿಂದ ಹಗ್ಗ ಉದ್ದವಾಗಿರಲಿ, ಸಡಿಲವಾಗಿರಲಿ, ಆದರೆ ಇರಲಿ.

ಈ ಸ್ವಭಾವ ಹುಟ್ಟಿನಿಂದ ಬರುತ್ತದೆಯೋ ಸಾಕಿದ್ದರಿಂದ ಬರುತ್ತದೆಯೋ ಎಂದು ಕೇಳುವವರಿದ್ದಾರೆ. ಎರಡೂ ನಿಜ. ಮನುಷ್ಯನ ಸಹವಾಸಕ್ಕೆ ಒಗ್ಗಿದ ಪೂರ್ವಜರ ರಕ್ತ ನಾಯಿಯಲ್ಲಿದೆ. ಆದರೆ ಮರಿಗೆ ಮೂರನೆಯ ವಾರದಿಂದ ಹನ್ನೆರಡು, ಹದಿನಾಲ್ಕನೆಯ ವಾರದವರೆಗೆ ಮನಸ್ಸಿನ ಒಂದು ಬಾಗಿಲು ತೆರೆದಿರುತ್ತದೆ. ಸ್ಕಾಟ್ ಮತ್ತು ಫುಲ್ಲರ್ ಎಂಬ ಅಮೆರಿಕದ ವಿದ್ವಾಂಸರು 1965ರ ತಮ್ಮ ಗ್ರಂಥದಲ್ಲಿ ಇದನ್ನು ವಿವರವಾಗಿ ತೋರಿಸಿದರು. ಆ ವಾರಗಳಲ್ಲಿ ಮಕ್ಕಳು, ಮುದುಕರು, ಕೊಡೆ, ಸೈಕಲ್ಲು ಎಲ್ಲವನ್ನೂ ಹೆದರಿಕೆಯಿಲ್ಲದೆ ಕಂಡ ಮರಿಗೆ ಲೋಕ ಪರಿಚಿತವಾಗುತ್ತದೆ. ಕಲ್ಲೇಟನ್ನೇ ಕಂಡ ಮರಿಗೆ ಮನುಷ್ಯನ ಎತ್ತಿದ ಕೈಯೆಲ್ಲ ಕಲ್ಲಾಗಿ ಕಾಣುತ್ತದೆ. ಬೀದಿನಾಯಿಯ ಕ್ರೌರ್ಯವೆಂದು ನಾವು ಕರೆಯುವುದರಲ್ಲಿ ಭಯದ ಪಾಲೆಷ್ಟು ಎಂಬುದು ಯೋಚಿಸತಕ್ಕ ವಿಷಯ.

ಮೋತಿಯ ಸಂಗಪ್ರಿಯತೆಯ ಮುಖ್ಯ ಲಾಭ ಆದದ್ದು ನನಗೆ. ನಮ್ಮಂಥ ಸಣ್ಣ ಊರುಗಳಲ್ಲಿ ಒಬ್ಬರನ್ನೊಬ್ಬರು ಹತ್ತಾರು ವರ್ಷ ನೋಡುತ್ತೇವೆ, ಮಾತನಾಡುವುದಿಲ್ಲ. ಮೇಷ್ಟ್ರು ಮೇಷ್ಟ್ರುಗಳೊಡನೆ, ವಕೀಲರು ವಕೀಲರೊಡನೆ. ಜಾತಿ, ಭಾಷೆಗಳ ಬೇಲಿ ಬೇರೆ. ನಾಯಿಗೆ ಈ ಬೇಲಿಗಳು ಗೊತ್ತಿಲ್ಲ. ಮಳೆಗಾಲ ಮುಗಿದ ಮೇಲೆ ದಂಡೆಯಲ್ಲಿ ರಂಪಣಿ ಎಳೆಯುವುದುಂಟು. ದೋಣಿಯಿಂದ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡು ಕೊನೆಗಳ ಹಗ್ಗವನ್ನು ದಂಡೆಯಿಂದ ಹತ್ತಾರು ಜನ ಸೇರಿ ಎಳೆಯುವ ಹಳೆಯ ಪದ್ಧತಿ ಅದು. 1970ರ ದಶಕದ ಕೊನೆಯಲ್ಲಿ ಯಂತ್ರದೋಣಿಯ ಪರ್ಸೀನ್ ಬಲೆಗಳು ಬಂದ ಮೇಲೆ ಅದು ಬಹುಮಟ್ಟಿಗೆ ಕುಗ್ಗಿದೆ. ಅದರ ವಿಷಯವನ್ನು ನಾನು ಓದಿದ್ದು ಪುಸ್ತಕದಲ್ಲಿ. ತಿಳಿದದ್ದು ಮೋತಿಯ ದೆಸೆಯಿಂದ. ಎಳೆಯುವವರ ನಡುವೆ ಅದು ಹೋಗಿ ಕೂತಿತು, ಅದನ್ನು ಹುಡುಕುತ್ತ ನಾನು ಹೋದೆ. ಮೀನು ಆರಿಸಲು ಕೂತಿದ್ದ ಹರಿಕಂತರ ಮುದುಕಿಯೊಬ್ಬರು ಎರಡು ತಾರ್ಲೆ ಮೀನು ಅದರ ಮುಂದೆ ಹಾಕಿ, "ಇದಕ್ಕೆ ಹೊಟ್ಟೆಗೆ ಹಾಕ್ತೀರೋ ಇಲ್ವೋ, ಮಾಸ್ತರೆ? ಪುಸ್ತಕ ಓದ್ಸಿ ಬೆಳಸ್ತೀರೋ?" ಎಂದು ಕೇಳಿದರು. ಸುತ್ತಲಿದ್ದವರು ನಕ್ಕರು. ಅಂದಿನಿಂದ ಮಾತು ಬೆಳೆಯಿತು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಂತ್ರದೋಣಿಗಳಿಗೆ ನಿಷೇಧವಿರುವಾಗ ಮನೆಯ ಖರ್ಚು ಹೇಗೆ ಸಾಗುತ್ತದೆ, ಒಣಮೀನು ಯಾವ ಪೇಟೆಗೆ ಹೋಗುತ್ತದೆ ಎಂಬುದನ್ನೆಲ್ಲ ನಾನು ಕೇಳಿ ತಿಳಿದದ್ದು ಅವರಿಂದಲೇ. ಮೋತಿಯಿಲ್ಲದೆ ಹೋದ ದಿನ ನನ್ನ ಯೋಗಕ್ಷೇಮವನ್ನು ಯಾರೂ ವಿಚಾರಿಸುವುದಿಲ್ಲ, ಅದರದನ್ನು ಕೇಳುತ್ತಾರೆ.

ಇದೇ ದಂಡೆಯಲ್ಲಿ 1883ರಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದ ತರುಣ ರವೀಂದ್ರನಾಥರು 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಬರೆದರು. ಮಮತೆಯ ಕಟ್ಟುಗಳನ್ನೆಲ್ಲ ಕಡಿದುಕೊಂಡೆನೆಂದು ಬೀಗುವ ಸಂನ್ಯಾಸಿಯೊಬ್ಬನನ್ನು ಅನಾಥ ಬಾಲಿಕೆಯೊಬ್ಬಳು ಲೋಕಕ್ಕೆ ಮರಳಿ ಎಳೆಯುವ ಕಥೆ ಅದು. ನಿವೃತ್ತಿಯೂ ಒಂದು ಬಗೆಯ ಸಂನ್ಯಾಸವೇ. ಎಳೆಯಲು ಬಾಲಿಕೆಯೇ ಬರಬೇಕೆಂದಿಲ್ಲ.

ಆದರೆ ಎಲ್ಲರೂ ನಾಯಿಯನ್ನು ಕಂಡು ನಗುವವರಲ್ಲ. ದಂಡೆಯಲ್ಲಿ ಮೋತಿಯನ್ನು ಕಂಡೊಡನೆ ಸೆರಗು ಬಿಗಿದು ದೂರ ಸರಿಯುವ ತಾಯಂದಿರಿದ್ದಾರೆ. ಅವರ ಭಯವನ್ನು ಮೂಢತನವೆನ್ನುವ ನಾಯಿಪ್ರಿಯರ ಮಾತನ್ನು ನಾನು ಒಪ್ಪಲಾರೆ. ಮನುಷ್ಯರಿಗೆ ರೇಬೀಸ್ ತಗಲುವುದು ಬಹುತೇಕ ನಾಯಿಯಿಂದಲೇ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರ ವಿರಳ. ಕಚ್ಚಿದ ಗಾಯವನ್ನು ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂಬುದು ಪ್ರತಿ ಮನೆಗೂ ತಿಳಿದಿರಬೇಕು. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಹಾಕಿ ಅದನ್ನು ಉಳಿಸಿಕೊಂಡು ಬಂದರೆ ರೋಗದ ಸರಪಳಿ ಕಡಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2025ರ ಆಗಸ್ಟಿನಲ್ಲಿ ದೆಹಲಿಯ ಬೀದಿನಾಯಿಗಳ ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ, ದೇಶವೆಲ್ಲ ನಾಯಿಯ ಪಕ್ಷ, ಮನುಷ್ಯನ ಪಕ್ಷ ಎಂದು ಎರಡಾಗಿ ವಾದಿಸಿತು. ಆ ಗದ್ದಲದಲ್ಲಿ ಲಸಿಕೆಯ ಮಾತು ಕೇಳಿಸಿದ್ದು ಕಡಿಮೆ.

ಈ ಎರಡು ಪಕ್ಷ ಹೊಸದೂ ಅಲ್ಲ. ಮಹಾಭಾರತದ ಕೊನೆಯಲ್ಲಿ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದ ಧರ್ಮರಾಯನನ್ನು ಎಲ್ಲರೂ ಬಲ್ಲರು. ಕುಮಾರವ್ಯಾಸನು ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಆ ಪ್ರಸಂಗ ಅವನಲ್ಲಿಲ್ಲ. ಉಳಿದ ಪರ್ವಗಳನ್ನು ತಿಮ್ಮಣ್ಣಕವಿ ಮುಂದುವರಿಸಿದನು. ಆದರೆ ಅದೇ ಮಹಾಭಾರತದ ಆದಿಪರ್ವದ ಆರಂಭದಲ್ಲಿ ಇನ್ನೊಂದು ನಾಯಿಯಿದೆ. ಜನಮೇಜಯನ ಯಜ್ಞಕ್ಕೆ ಬಂದ ಸರಮೆಯ ಮರಿ ಹವಿಸ್ಸನ್ನು ನೆಕ್ಕಲಿಲ್ಲ, ನೋಡಲೂ ಇಲ್ಲ. ಆದರೂ ರಾಜನ ತಮ್ಮಂದಿರು ಅದನ್ನು ಬಡಿದರು. ತಾಯಿ ಬಂದು, ತಪ್ಪೇನೆಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಕಾಣದ ಭಯ ನಿಮಗೆ ಬರಲೆಂದು ಶಪಿಸಿದಳು. ಕೊನೆಯ ನಾಯಿಯನ್ನು ಹೊಗಳುವ ನಾವು ಮೊದಲಿನದನ್ನು ಮರೆತಿದ್ದೇವೆ.

ಇನ್ನೊಂದು ಸಂಗತಿ ಕಡಲೂರಿಗೇ ವಿಶೇಷವಾದುದು. ಚಳಿಗಾಲದ ಇರುಳುಗಳಲ್ಲಿ ಆಲಿವ್ ರಿಡ್ಲಿ ಜಾತಿಯ ಕಡಲಾಮೆಗಳು ಉತ್ತರ ಕನ್ನಡದ ದಂಡೆಗಳಿಗೆ ಬಂದು, ಮರಳು ತೋಡಿ ನೂರರಷ್ಟು ಮೊಟ್ಟೆಯಿಟ್ಟು, ಗುಳಿ ಮುಚ್ಚಿ ಹೋಗುತ್ತವೆ. ಮರಿಗಳು ಹೊರಬರಲು ಸುಮಾರು ಐವತ್ತು ದಿನ ಬೇಕು. ಊರನ್ನೆಲ್ಲ ಓದುವ ಮೂಗಿಗೆ ಈ ಗುಳಿ ಮುಚ್ಚಿದ್ದರೂ ಒಂದೇ, ತೆರೆದಿದ್ದರೂ ಒಂದೇ. ಮನುಷ್ಯರೊಡನೆ ಎಷ್ಟೇ ಸಭ್ಯವಾಗಿರಲಿ, ಆಮೆಯ ಮೊಟ್ಟೆಯ ಮುಂದೆ ಯಾವ ನಾಯಿಯೂ ಸಜ್ಜನನಲ್ಲ. ಅರಣ್ಯ ಇಲಾಖೆಯವರು ಮೀನುಗಾರರ ನೆರವಿನಿಂದ ಗೂಡುಗಳನ್ನು ಗುರುತಿಸಿ ಬಲೆಯ ಬೇಲಿ ಕಟ್ಟುತ್ತಾರೆ. ಡಿಸೆಂಬರಿನಿಂದ ಏಪ್ರಿಲ್ ಮುಗಿಯುವ ತನಕ ಮೋತಿಯ ಉದ್ದನೆಯ ಹಗ್ಗವನ್ನು ಮನೆಯಲ್ಲಿಟ್ಟು ಗಿಡ್ಡನೆಯದನ್ನು ತರುತ್ತೇನೆ. ಒಣಮರಳನ್ನು ಬಿಟ್ಟು, ಅಲೆ ತೊಳೆದ ಗಟ್ಟಿ ಮರಳಿನ ಮೇಲೆಯೇ ನಡೆಯುತ್ತೇವೆ. ಬೇಲಿಯ ಹತ್ತಿರ ಬಂದಾಗ ಅದು ನಿಂತು ಗಾಳಿಯನ್ನು ಮೂಸುತ್ತದೆ, ನನ್ನ ಮುಖ ನೋಡುತ್ತದೆ. ನಾನು ಹಗ್ಗವನ್ನು ಇನ್ನೊಂದು ಸುತ್ತು ಕೈಗೆ ಸುತ್ತಿಕೊಂಡು ಮುಂದೆ ನಡೆಯುತ್ತೇನೆ.