ಒಂದೇ ಕಟ್ಟಡದ ಎರಡು ಪಾಠಗಳು

ಹಸ್ತಪ್ರತಿ ಸಂಪಾದನೆಯಲ್ಲಿ ತೊಡಗಿದವರಿಗೆ ಪಾಠಾಂತರದ ಸಮಸ್ಯೆ ಹೊಸದಲ್ಲ. ಒಂದೇ ಕೃತಿಯ ಎರಡು ಪ್ರತಿಗಳು ಒಂದಕ್ಷರದಲ್ಲಿ ಬೇರೆಯಾದರೂ ಅರ್ಥ ಬೇರೆಯಾಗಬಹುದು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಏಳುತ್ತಿರುವ ಬಹುಮಹಡಿ ಕಟ್ಟಡಗಳ ರಚನೆಯಲ್ಲಿಯೂ ಇಂಥದೇ ಸಮಸ್ಯೆಯೊಂದಿದೆ. ಅಲ್ಲಿ ಪಣಕ್ಕೆ ಒಡ್ಡಿರುವುದು ಅರ್ಥವಲ್ಲ, ವಾಸಿಸುವವರ ಜೀವ.

ಗಣಕಯಂತ್ರದಲ್ಲಿ ಇಂಥ ಕಟ್ಟಡಕ್ಕೆ ಸಾಮಾನ್ಯವಾಗಿ ಎರಡು ರೂಪಗಳಿರುತ್ತವೆ. ರೆವಿಟ್‌ನಂಥ ತಂತ್ರಾಂಶದಲ್ಲಿ ಸಿದ್ಧವಾಗುವುದು ಭೌತಿಕ ಮಾದರಿ. ಇದರಲ್ಲಿ ಕಂಬ, ತೊಲೆ, ಸ್ಲ್ಯಾಬುಗಳಿಗೆ ಉದ್ದ, ಅಗಲ, ದಪ್ಪಗಳಿರುತ್ತವೆ. ನಕ್ಷೆಗಳು ಹೊರಡುವುದು ಇದರಿಂದಲೇ. ಸ್ಟಾಡ್, ಈಟ್ಯಾಬ್ಸ್ ಮುಂತಾದವುಗಳಲ್ಲಿರುವುದು ವಿಶ್ಲೇಷಣಾ ಮಾದರಿ. ಇಲ್ಲಿ ತೊಲೆ ಒಂದು ರೇಖೆ, ಕಂಬ ಇನ್ನೊಂದು ರೇಖೆ. ಅವು ಕೂಡುವುದು ಒಂದು ಬಿಂದುವಿನಲ್ಲಿ. ಭಾರತೀಯ ಮಾನಕ 875 ಹೇಳುವ ಭಾರ ಹಾಗೂ ಗಾಳಿಯನ್ನೂ, 1893 ಹೇಳುವ ಭೂಕಂಪದ ಬಲವನ್ನೂ ಈ ರೇಖೆಗಳ ಮೇಲೆ ಹೊರಿಸಿ ಲೆಕ್ಕ ಹಾಕಲಾಗುತ್ತದೆ.

ಎರಡೂ ಮಾದರಿಗಳ ಸ್ವಭಾವವೇ ಬೇರೆ. ಗೋಡೆಯ ಅಂಚಿಗೆ ಸರಿಹೊಂದಲೆಂದು ತೊಲೆಯನ್ನು ಕಂಬದ ಒಂದು ಬದಿಗೆ ಸರಿಸುವುದು ಭೌತಿಕ ಮಾದರಿಯಲ್ಲಿ ಸಹಜ. ಅದನ್ನು ಹಾಗೆಯೇ ರೇಖೆಗಿಳಿಸಿದಾಗ ತೊಲೆಯ ತುದಿ ಕಂಬದ ಬಿಂದುವನ್ನು ಮುಟ್ಟದೆ ಉಳಿಯಬಹುದು. ಕಣ್ಣಿಗೆ ಕಾಣದ ಈ ಬಿರುಕನ್ನು ಗಣಕವು ಸಂಬಂಧವೇ ಇಲ್ಲವೆಂದು ಓದಬಹುದು.

ಇನ್ನೊಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಈ ಪರಿಸರದ ಅನೇಕ ಕಟ್ಟಡಗಳಲ್ಲಿ ಕೆಳಗೆ ಕಂಬಗಳ ನಡುವೆ ವಾಹನ ನಿಲುಗಡೆ, ಮೇಲೆ ಮನೆಗಳು. ಕಾರು ತಿರುಗಲು ಜಾಗ ಸಾಲದೆಂದು ವಾಸ್ತುಶಿಲ್ಪಿ ಒಂದು ಕಂಬವನ್ನು ಸರಿಸಿದರೆ ತೊಲೆಯ ಅಂತರ 6 ಮೀಟರಿನಿಂದ 7 ಮೀಟರಿಗೆ ಏರಬಹುದು. ಎರಡು ತುದಿಗಳಲ್ಲಿ ಸರಳ ಆಧಾರವಿದ್ದು ಸಮನಾಗಿ ಹಂಚಿದ ಭಾರ ಹೊತ್ತ ತೊಲೆಯಲ್ಲಿ ಬಾಗಿಸುವ ಪ್ರಭಾವವು ಅಂತರದ ವರ್ಗದಂತೆ ಬೆಳೆಯುತ್ತದೆ. ಅಂದರೆ ಸುಮಾರು 36 ಪ್ರತಿಶತ ಹೆಚ್ಚಳ. ನಡುವೆ ಜಗ್ಗುವ ಪ್ರಮಾಣವಂತೂ ನಾಲ್ಕನೆಯ ಘಾತದಂತೆ ಏರಿ 85 ಪ್ರತಿಶತ ಹೆಚ್ಚುತ್ತದೆ. ವಿಶ್ಲೇಷಣೆಯಲ್ಲಿ ಹಳೆಯ 6 ಮೀಟರೇ ಉಳಿದಿದ್ದರೆ ಕಬ್ಬಿಣದ ಲೆಕ್ಕವೂ ಹಳೆಯದೇ.

ಈ ಅಂತರವನ್ನು ನೀಗಲು ತಂತ್ರಾಂಶಗಳು ಪ್ರತಿ ಅಂಗಕ್ಕೂ ಒಂದು ಗುರುತುಸಂಖ್ಯೆ ಕೊಟ್ಟು, ಹೊಸತು, ಅಳಿದುದು, ಬದಲಾದುದು ಎಂದು ಪಟ್ಟಿ ಮಾಡುತ್ತವೆ. ಆದರೆ ತೊಲೆಯನ್ನು ಸರಿಸುವ ಬದಲು ಅಳಿಸಿ ಮತ್ತೆ ಬರೆದರೆ ಅದಕ್ಕೆ ಬೇರೆ ಸಂಖ್ಯೆ ಬರುತ್ತದೆ. ಹಳೆಯದಕ್ಕೆ ಹೊರಿಸಿದ್ದ ಭಾರಗಳು ಕಳೆದುಹೋಗಬಹುದು. ಸ್ಥಾನದ ವಿಷಯದಲ್ಲಿ ಭೌತಿಕ ಮಾದರಿ ಪ್ರಮಾಣ, ಗಾತ್ರದ ವಿಷಯದಲ್ಲಿ ವಿಶ್ಲೇಷಣೆ ಪ್ರಮಾಣ ಎಂಬಂಥ ನಿಯಮವನ್ನು ಮನುಷ್ಯನೇ ಮೊದಲು ಗೊತ್ತುಮಾಡಬೇಕು.

ಈ ಅಪಾಯ ಗಣಕದೊಂದಿಗೆ ಹುಟ್ಟಿದ್ದಲ್ಲ. ಅಮೆರಿಕದ ಕ್ಯಾನ್ಸಸ್ ನಗರದ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ 1981ರ ಜುಲೈ 17ರಂದು ಎರಡು ತೂಗುಸೇತುಗಳು ಕುಸಿದು 114 ಮಂದಿ ಸತ್ತರು. ಮೂಲ ವಿನ್ಯಾಸದಲ್ಲಿ ಎರಡನ್ನೂ ಹೊರುವ ಒಂದೇ ಉದ್ದದ ಸರಳುಗಳಿದ್ದವು. ತಯಾರಿಕೆಯ ಹಂತದಲ್ಲಿ ಅವು ಎರಡೆರಡು ತುಂಡುಗಳಾದವು. ಮೇಲಿನ ಸೇತುವಿನ ಜೋಡಣೆಯ ಮೇಲೆ ಭಾರ ಇಮ್ಮಡಿಯಾಯಿತು. ಮೂಲ ವಿನ್ಯಾಸವೂ ದುರ್ಬಲವೇ ಆಗಿತ್ತು. ಆದರೆ ಬದಲಾದ ಪಾಠವನ್ನು ಯಾರೂ ಮತ್ತೆ ಲೆಕ್ಕಕ್ಕೆ ತಂದಿರಲಿಲ್ಲ.

ಆದುದರಿಂದ ಸಮನ್ವಯವೆಂದರೆ ಬರಿಯ ನಕಲು ಅಲ್ಲ, ಸಂಪಾದನೆ. ಪಾಠಾಂತರಗಳ ಪಟ್ಟಿಯನ್ನು ಯಂತ್ರ ಒದಗಿಸಬಲ್ಲದು. ಯಾವುದು ಸ್ವೀಕಾರ್ಯವೆಂದು ನಿರ್ಣಯಿಸಿ, ಮತ್ತೆ ಲೆಕ್ಕ ಹಾಕಿ, ದಿನಾಂಕದೊಡನೆ ಸಹಿ ಮಾಡುವ ಹೊಣೆ ಎಂಜಿನಿಯರನದು.