ಬಂಗಾರದ ಹಾವೂ ಬಾಡಿದ ರೆಪ್ಪೆಯೂ

ಕೃಷ್ಣಾನದಿಯು ವಿಜಯವಾಡವನ್ನು ದಾಟಿ ಕವಲೊಡೆದು, ಸಮುದ್ರವನ್ನು ಸೇರುವ ಮುನ್ನ ತನ್ನೆರಡು ತೋಳುಗಳ ನಡುವೆ ತಬ್ಬಿಕೊಂಡಿರುವ ದಿವಿಸೀಮೆಯಲ್ಲಿ, ಮಳೆಗಾಲ ಬಂದು ಗದ್ದೆಗಳೆಲ್ಲ ನೀರಾಗಿ ನಿಂತ ಮೇಲೆ, ಬಿಲಗಳನ್ನು ಕಳೆದುಕೊಂಡ ಹಾವುಗಳು ಮೊದಲು ಬದುಗಳನ್ನೂ, ಆಮೇಲೆ ಹುಲ್ಲುಮೆದೆಗಳನ್ನೂ, ಕಡೆಗೆ ಮನುಷ್ಯರ ಮನೆಗಳನ್ನೂ ಆಶ್ರಯಿಸುತ್ತವೆ. 2018ರಲ್ಲಿ ಅಲ್ಲಿನ ಅವನಿಗಡ್ಡವೆಂಬ ಊರಿನ ಸುತ್ತಮುತ್ತ ಹಾವುಕಡಿತಗಳು ಎಷ್ಟು ಹೆಚ್ಚಿದುವೆಂದರೆ, ಆಗಸ್ಟ್ ತಿಂಗಳಲ್ಲಿ ಮೋಪಿದೇವಿಯ ಸುಬ್ರಹ್ಮಣ್ಯೇಶ್ವರನ ಸನ್ನಿಧಿಯಲ್ಲಿ ಸರ್ಪಶಾಂತಿಗಾಗಿ ಯಾಗವೊಂದು ನಡೆಯಿತು. ಕುಕ್ಕೆಗೆ ಹೋಗಿ ಸರ್ಪಸಂಸ್ಕಾರವನ್ನು ಮಾಡಿಸಿಕೊಂಡು ಬರುವ ನಾವು ಅದನ್ನು ಕಂಡು ನಗುವುದು ಉಚಿತವಲ್ಲ. ಭಯವು ದೇವರ ಬಳಿಗೂ ಹೋಗುತ್ತದೆ, ವೈದ್ಯನ ಬಳಿಗೂ ಹೋಗುತ್ತದೆ. ಎರಡನೆಯ ಕಡೆಗೆ ತಡವಾಗದೆ ಹೋದರೆ ಸಾಕು.

ತಡವಾಗುವುದು ಹೇಗೆಂಬುದನ್ನು ಹೇಳಬೇಕಾಗಿದೆ. ತೆಲುಗರು ಕಟ್ಲಪಾಮು ಎಂದೂ ನಾವು ಕಟ್ಟುಹಾವು ಎಂದೂ, ಕೆಲವೆಡೆ ಕಡಂಬಳವೆಂದೂ ಕರೆಯುವ ಪ್ರಾಣಿಯು ರಾತ್ರಿಯ ಸಂಚಾರಿ. ನೆಲದ ಮೇಲೆ ಚಾಪೆ ಹಾಸಿ ಮಲಗಿದವನ ಮಗ್ಗುಲಿಗೆ ಬಂದು ಅದು ಕಚ್ಚಿದರೆ, ನೋವೂ ಇಲ್ಲ, ಊತವೂ ಇಲ್ಲ, ಹಲ್ಲಿನ ಗುರುತು ಸೊಳ್ಳೆ ಕಚ್ಚಿದಷ್ಟೂ ಕಾಣದೆ ಹೋಗಬಹುದು. ಬೆಳಗಿನ ಜಾವಕ್ಕೆ ಹೊಟ್ಟೆ ನುಲಿಯುತ್ತದೆ. ರಾತ್ರಿಯ ಊಟದ ದೋಷವೆಂದು ಮನೆಯವರು ಜೀರಿಗೆಯ ಕಷಾಯವನ್ನು ಕೊಡುತ್ತಾರೆ. ಬೆಳಕು ಹರಿದ ಮೇಲೆ ಎದ್ದು ಕುಳಿತವನ ಕಣ್ಣುಗಳು ಅರೆತೆರೆದಿರುತ್ತವೆ. ನಿದ್ದೆ ಇನ್ನೂ ಬಿಟ್ಟಿಲ್ಲವೆಂದು ಅವನನ್ನು ಮತ್ತೆ ಮಲಗಿಸುತ್ತಾರೆ. ಆ ಅರೆತೆರೆದ ಕಣ್ಣು ನಿದ್ದೆಗಣ್ಣಲ್ಲ; ವಿಷವು ಮೈಯಲ್ಲಿ ಹರಡಿದೆಯೆಂಬುದಕ್ಕೆ ದೇಹವು ನುಡಿಯುವ ಮೊದಲ ಸಾಕ್ಷ್ಯಗಳಲ್ಲಿ ಒಂದು. ಅಲ್ಲಿಂದ ಮುಂದೆ ಪಾರ್ಶ್ವವಾಯುವು ಮೆಟ್ಟಿಲಿಳಿಯುವಂತೆ ಕೆಳಕ್ಕೆ ಇಳಿಯುತ್ತದೆ: ಕಣ್ಣುಗುಡ್ಡೆ ತಿರುಗದಾಗುತ್ತದೆ, ಮಾತು ತೊದಲುತ್ತದೆ, ಎಂಜಲನ್ನು ನುಂಗಲಾಗುವುದಿಲ್ಲ, ಕತ್ತು ನಿಲ್ಲುವುದಿಲ್ಲ, ಕೊನೆಗೆ ಉಸಿರೆಳೆಯುವ ಸ್ನಾಯುಗಳೇ ಸೋಲುತ್ತವೆ. ಇಷ್ಟೆಲ್ಲ ಆದರೂ ಆತನಿಗೆ ಪ್ರಜ್ಞೆ ಇರಬಹುದು. ಸುತ್ತಲಿನವರು ಅಳುವುದನ್ನು ಕೇಳುತ್ತ, ಕಣ್ಣು ತೆರೆಯಲಾರದೆ, ಬೆರಳೆತ್ತಲಾರದೆ ಮಲಗಿರುವ ಅವಸ್ಥೆಯದು.

ರೆಪ್ಪೆಯೇ ಮೊದಲು ಸೋಲುವುದೇಕೆ? ಮೇಲಿನ ರೆಪ್ಪೆಯನ್ನು ಎತ್ತಿಹಿಡಿಯುವ ಸ್ನಾಯುವಿಗೆ ನಾವು ಎಚ್ಚರವಿರುವಷ್ಟು ಕಾಲವೂ ವಿರಾಮವೆಂಬುದಿಲ್ಲ. ಅದರ ಹಿಡಿತ ಒಂದೆರಡು ಮಿಲಿಮೀಟರು ಸಡಿಲಿದರೂ ಎದುರಿಗಿರುವವನಿಗೆ ಮುಖವೇ ಬೇರೆಯಾಗಿ ತೋರುತ್ತದೆ. ನರದಿಂದ ಹೊರಟ ಆಜ್ಞೆಯು ಸ್ನಾಯುವನ್ನು ಮುಟ್ಟಬೇಕಾದರೆ ಎರಡರ ನಡುವಿನ ಸೂಕ್ಷ್ಮ ಸಂಧಿಯನ್ನು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ ದಾಟಬೇಕು. ಕಟ್ಟುಹಾವಿನ ವಿಷವು ಆ ಸಂಧಿಯಲ್ಲಿಯೇ ಕುಳಿತು ನರದ ತುದಿಗಳನ್ನು ಹಾಳುಗೆಡಹುತ್ತದೆ. ಆದುದರಿಂದಲೇ, ಒಮ್ಮೆ ಹಾನಿಯಾದ ಮೇಲೆ ಪ್ರತಿವಿಷವನ್ನು ಎಷ್ಟು ಸುರಿದರೂ ಹೊಸ ತುದಿಗಳು ಚಿಗುರುವವರೆಗೆ ರೋಗಿಯನ್ನು ದಿನಗಟ್ಟಲೆ ಕೃತಕ ಉಸಿರಾಟದಲ್ಲಿ ಇಟ್ಟು ಕಾಯಬೇಕಾಗುತ್ತದೆ. ನಾಗರಹಾವಿನ ವಿಷವೂ ರೆಪ್ಪೆಯನ್ನು ಕೆಡಹುತ್ತದೆ. ರಕ್ತವನ್ನು ಕೆಡಿಸುವುದಕ್ಕೆ ಹೆಸರಾದ ಕೊಳಕುಮಂಡಲವೂ ದಕ್ಷಿಣಭಾರತದಲ್ಲಿ ಕೆಲವೊಮ್ಮೆ ಇದೇ ಲಕ್ಷಣವನ್ನು ತೋರಿಸುತ್ತದೆ.

ಈ ಕೊಳಕುಮಂಡಲವನ್ನು ಲೋಕವು ಯಾರ ಹೆಸರಿನಿಂದ ಕರೆಯುತ್ತದೆಯೋ ಆ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯನು ವಾಸವಾಗಿದ್ದದ್ದು ವಿಶಾಖಪಟ್ಟಣದಲ್ಲಿ. ಸಿರಿಯಾದ ಅಲೆಪ್ಪೊ ನಗರದಲ್ಲಿ ಪ್ಲೇಗಿನ ನಡುವೆ ವೈದ್ಯವೃತ್ತಿಯನ್ನು ನಡೆಸಿ ಬಂದಿದ್ದ ಈತ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದ ತಮ್ಮನ ಜೊತೆಯಲ್ಲಿ 1781ರಲ್ಲಿ ಭಾರತಕ್ಕೆ ಬಂದು, 1785ರಲ್ಲಿ ಕಂಪನಿಯ ಪ್ರಕೃತಿಶಾಸ್ತ್ರಜ್ಞನಾಗಿ ನೇಮಕಗೊಂಡನು. ಕೋರಮಂಡಲ ತೀರದ ಹಾವುಗಳನ್ನು ತರಿಸಿ, ಅವುಗಳ ವಿಷವನ್ನು ಕೋಳಿ ನಾಯಿಗಳ ಮೇಲೆ ಪರೀಕ್ಷಿಸಿ, ಯಾವುದು ವಿಷದ ಹಾವು ಯಾವುದು ಅಲ್ಲ ಎಂಬುದನ್ನು ಬಡಜನರಿಗೂ ತಿಳಿಯುವಂತೆ ಬೇರ್ಪಡಿಸಬೇಕೆಂಬ ಹಂಬಲ ಅವನದು. ಹಾವುಕಡಿತಕ್ಕೆ ರಾಮಬಾಣವೆಂದು ಪ್ರಸಿದ್ಧವಾಗಿದ್ದ ತಂಜಾವೂರು ಗುಳಿಗೆಯನ್ನೂ ಅವನು ಪರೀಕ್ಷಿಸದೆ ಬಿಡಲಿಲ್ಲ. 1796ರಲ್ಲಿ ಅಚ್ಚಾದ ತನ್ನ ಸಚಿತ್ರ ಗ್ರಂಥದಲ್ಲಿ ಆತ ಊರವರು ಹೇಳಿದ ತೆಲುಗು ಹೆಸರುಗಳನ್ನೇ ಉಳಿಸಿಕೊಂಡನು. ಹಳದಿ ಪಟ್ಟೆಗಳ ಹಾವೊಂದಕ್ಕೆ ಅವರು ಹೇಳಿದ್ದು ‘ಬಂಗಾರು ಪಾಮು’. ಆ ಬಂಗಾರವನ್ನೇ ಲ್ಯಾಟಿನ್ನಿನ ಅಚ್ಚಿಗೆ ಹಾಕಿ 1803ರಲ್ಲಿ ಫ್ರಾನ್ಸಿನ ದೋದ್ಯಾಂ ಎಂಬ ಪಂಡಿತನು ಕಟ್ಟುಹಾವುಗಳ ಕುಲಕ್ಕೆಲ್ಲ ‘ಬಂಗರಸ್’ ಎಂದು ನಾಮಕರಣ ಮಾಡಿದನು. ನಮಗೂ ತೆಲುಗರಿಗೂ ಸಮಾನವಾದ ಈ ಪದವು ಇಷ್ಟಕ್ಕೇ ನಿಲ್ಲಲಿಲ್ಲ.

1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಎಂಬ ಇಬ್ಬರು ವಿಜ್ಞಾನಿಗಳು ತಮ್ಮ ದ್ವೀಪದ ಕಟ್ಟುಹಾವಿನಿಂದ ಬಂಗರೋಟಾಕ್ಸಿನ್ ಎಂಬ ವಿಷಾಂಶವನ್ನು ಬೇರ್ಪಡಿಸಿದರು. ಸ್ನಾಯುವಿನ ಮೇಲೆ ಅಸಿಟೈಲ್‌ಕೋಲಿನ್ ಬಂದು ಕೂರುವ ಗ್ರಾಹಕಗಳಿಗೆ ಅದು ಅಂಟಿದರೆ ಸುಲಭವಾಗಿ ಬಿಡುವುದಿಲ್ಲ. ಆದಕಾರಣ ಆ ಗ್ರಾಹಕಗಳನ್ನು ಹುಡುಕಿ ಹಿಡಿಯುವುದಕ್ಕೆ ವಿಷವೇ ಕೊಕ್ಕೆಯಾಯಿತು. ಅದುವರೆಗೆ ಕಾರಣ ತಿಳಿಯದೆ ವೈದ್ಯರನ್ನು ಕಾಡುತ್ತಿದ್ದ ಮಯಸ್ತೀನಿಯ ಗ್ರೇವಿಸ್ ಎಂಬ ರೋಗದಲ್ಲಿ ದೇಹದ ರಕ್ಷಕಶಕ್ತಿಯು ತನ್ನವೇ ಆದ ಆ ಗ್ರಾಹಕಗಳ ಮೇಲೆ ಎರಗುತ್ತದೆಂಬುದು ಹೀಗೆ ಬೆಳಕಿಗೆ ಬಂತು. ಈಗಲೂ ಆ ರೋಗದ ಶಂಕೆಯುಳ್ಳವರ ರಕ್ತವನ್ನು ಪರೀಕ್ಷಿಸುವ ಒಂದು ಮುಖ್ಯ ವಿಧಾನದಲ್ಲಿ ಬಂಗರೋಟಾಕ್ಸಿನ್ ಬಳಕೆಯಾಗುತ್ತದೆ. ತೆಲುಗು ಊರವರ ಬಾಯಿಂದ ಹೊರಟ ಬಂಗಾರ ಪ್ರಯೋಗಶಾಲೆಯ ಚೀಟಿಯ ಮೇಲೆ ಬಂದು ಕುಳಿತಿದೆ.

ಮಯಸ್ತೀನಿಯದ ರೆಪ್ಪೆಗೆ ಹೊತ್ತಿನ ಲೆಕ್ಕವಿದೆ. ಬೆಳಿಗ್ಗೆ ಎದ್ದಾಗ ಕಣ್ಣು ಚೆನ್ನಾಗಿ ತೆರೆದಿರುತ್ತದೆ. ಹೊತ್ತು ಇಳಿದಂತೆ ರೆಪ್ಪೆಯೂ ಇಳಿಯುತ್ತದೆ. ದೀಪ ಹಚ್ಚುವ ವೇಳೆಗೆ ಎದುರಿಗೆ ನಿಂತವರು ಇಬ್ಬಿಬ್ಬರಾಗಿ ಕಾಣುತ್ತಾರೆ. ವೈದ್ಯನು ತನ್ನ ಪೆನ್ನನ್ನು ಎತ್ತಿಹಿಡಿದು ಅದನ್ನೇ ನೋಡುತ್ತಿರೆಂದು ಹೇಳಿ ಒಂದೆರಡು ನಿಮಿಷ ಕಾಯುತ್ತಾನೆ; ನೋಡುತ್ತಿದ್ದಂತೆಯೇ ರೆಪ್ಪೆಯು ಪರದೆಯಂತೆ ಜಾರುತ್ತದೆ. ಆಮೇಲೆ ಕೈಗವಸಿನ ಬೆರಳೊಳಗೆ ಮಂಜುಗಡ್ಡೆಯ ಚೂರನ್ನು ತುಂಬಿ ಮುಚ್ಚಿದ ಕಣ್ಣಿನ ಮೇಲೆ ಎರಡು ನಿಮಿಷ ಇರಿಸಿ ತೆಗೆದರೆ, ಇಳಿದಿದ್ದ ರೆಪ್ಪೆಯು ಎರಡು ಮಿಲಿಮೀಟರಾದರೂ ಮೇಲೇರಿರುತ್ತದೆ. ಅಸಿಟೈಲ್‌ಕೋಲಿನ್ನನ್ನು ಒಡೆದುಹಾಕುವ ಕಿಣ್ವವು ತಂಪಿನಲ್ಲಿ ನಿಧಾನವಾಗುವುದೇ ಇದರ ಗುಟ್ಟು. ಅದೇ ಕಿಣ್ವವನ್ನು ಔಷಧದಿಂದ ತಡೆಯಬಹುದೆಂಬುದನ್ನು 1934ರಲ್ಲಿ ಲಂಡನ್ನಿನ ಗ್ರೀನಿಚ್‌ನ ಆಸ್ಪತ್ರೆಯಲ್ಲಿದ್ದ ಮೇರಿ ವಾಕರ್ ಎಂಬ ವೈದ್ಯೆ ತೋರಿಸಿಕೊಟ್ಟಳು. ಬಾಣದ ಮೊನೆಗೆ ಬಳಿಯುವ ಕ್ಯುರಾರೆ ವಿಷದ ಲಕ್ಷಣಗಳನ್ನೇ ಈ ರೋಗವೂ ಹೋಲುತ್ತದಲ್ಲ, ಅದರ ಪ್ರತ್ಯೌಷಧವನ್ನೇ ಇಲ್ಲಿಯೂ ಕೊಟ್ಟು ನೋಡೋಣವೆಂಬುದು ಆಕೆಯ ತರ್ಕ.

ಜೋಲುವ ರೆಪ್ಪೆಗಳೆಲ್ಲ ಇಷ್ಟು ಗಂಭೀರವಲ್ಲ. ವಯಸ್ಸಾದವರಲ್ಲಿ ಸ್ನಾಯುವಿನ ಪಟ್ಟಿ ಸಡಿಲಗೊಂಡು ರೆಪ್ಪೆ ಇಳಿಯುವುದು ಸಾಮಾನ್ಯ. ಆದರೆ ಹಠಾತ್ತಾಗಿ ತಲೆ ಸಿಡಿದು, ರೆಪ್ಪೆ ಬಿದ್ದು, ಪಾಪೆಯು ಹಿಗ್ಗಿದರೆ, ಮಿದುಳಿನ ರಕ್ತನಾಳವೊಂದು ಉಬ್ಬಿ ಮೂರನೆಯ ಕಪಾಲನರವನ್ನು ಒತ್ತುತ್ತಿರಬಹುದು. ಆಗ ಗಂಟೆಗಳನ್ನು ಎಣಿಸಬೇಕು. ರೆಪ್ಪೆ ಸ್ವಲ್ಪವೇ ಇಳಿದು ಪಾಪೆಯು ಕುಗ್ಗಿದ್ದರೆ, 1869ರಲ್ಲಿ ಸ್ವಿಸ್ ವೈದ್ಯ ಹಾರ್ನರ್ ವರ್ಣಿಸಿದ ಲಕ್ಷಣವದು. ಮೂಲವು ಶ್ವಾಸಕೋಶದ ತುದಿಯ ಗಡ್ಡೆಯಾಗಿದ್ದರೂ ಇರಬಹುದು. ಕಣ್ಣನ್ನು ತೋರಿಸಲು ಹೋದವನ ಎದೆಯ ಎಕ್ಸ್‌ರೇ ತೆಗೆಸಿದರೆ ವೈದ್ಯನನ್ನು ಬೈಯಬೇಡಿ. ಹುಟ್ಟಿನಿಂದಲೇ ರೆಪ್ಪೆ ಜೋಲುವ ಮಗುವು ಗದ್ದವನ್ನೆತ್ತಿ ನೋಡುವುದನ್ನು ಕಲಿಯುತ್ತದೆ. ಜಂಬದ ಮಗುವೆಂದು ಮುದ್ದಾಡುತ್ತ ಕಾಲ ಕಳೆದರೆ, ರೆಪ್ಪೆಯಡಿಯ ಕಣ್ಣು ನೋಡುವುದನ್ನು ಕಲಿಯದೆಯೇ ಉಳಿದೀತು. ಇಂಥ ಮಕ್ಕಳನ್ನು ಕರೆದುಕೊಂಡು ಹೋಗಲು ಆಂಧ್ರದ ಕರಾವಳಿಯವರಿಗೆ ಈಗ ಹೈದರಾಬಾದಿನವರೆಗೆ ಪ್ರಯಾಣವಿಲ್ಲ, ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯು 2006ರಲ್ಲಿ ವಿಶಾಖಪಟ್ಟಣದಲ್ಲಿಯೂ 2011ರಲ್ಲಿ ವಿಜಯವಾಡದಲ್ಲಿಯೂ ತನ್ನ ಶಾಖೆಗಳನ್ನು ತೆರೆದಿದೆ.

ಬೀಳುವುದು ರೆಪ್ಪೆಯೊಂದೇ ಅಲ್ಲ. ಸೀಸದ ವಿಷ ಏರಿದವನ ಮಣಿಕಟ್ಟು ಜೋತುಬೀಳುತ್ತದೆ. ಅಚ್ಚಿನ ಮೊಳೆಗಳನ್ನು ಜೋಡಿಸುತ್ತಿದ್ದ ಕಂಪೋಸಿಟರುಗಳಿಗೆ ಅದು ವೃತ್ತಿಯ ರೋಗವಾಗಿತ್ತು, ಹಳೆಯ ಬ್ಯಾಟರಿಗಳನ್ನು ಒಡೆಯುವವರಿಗೆ ಈಗಲೂ ಅಪಾಯ ತಪ್ಪಿಲ್ಲ. ಕುಕ್ಕರುಗಾಲಿನಲ್ಲಿ ಬಹಳ ಹೊತ್ತು ಕುಳಿತು ದುಡಿಯುವವರಿಗೆ ಮೊಣಕಾಲಿನ ಹೊರಮಗ್ಗುಲಿನ ನರ ಒತ್ತಿಹೋಗಿ ಪಾದ ಎತ್ತಲು ಬಾರದಾಗುತ್ತದೆ. ಕುಷ್ಠರೋಗದಲ್ಲಿಯೂ ಹಾಗೆಯೇ, ಅಲ್ಲಿ ಕಾಲಿನಿಂದ ಚಪ್ಪಲಿ ಜಾರಿಹೋದದ್ದೂ ತಿಳಿಯುವುದಿಲ್ಲ. ಬಾಯಿ ಒಂದು ಕಡೆಗೆ ಸೊಟ್ಟಗಾದವನಿಗೆ ಹುಬ್ಬನ್ನೆತ್ತಲು ಹೇಳಿ ನೋಡಬೇಕು: ಎರಡೂ ಕಡೆ ಹಣೆ ಸುಕ್ಕುಗಟ್ಟಿದರೆ ದೋಷವು ಹೆಚ್ಚಾಗಿ ಮಿದುಳಿನಲ್ಲಿ, ಒಂದು ಕಡೆ ನುಣ್ಣಗೆ ಉಳಿದರೆ ಮುಖದ ನರದಲ್ಲಿ. ಆದರೆ ಈ ಪರೀಕ್ಷೆ ವೈದ್ಯನದೇ. ಮನೆಯಲ್ಲಿ ಹಣೆಯನ್ನು ಓದುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಮುಖದ ನರ ಸೋತಾಗ ರೆಪ್ಪೆಯು ಜೋಲುವುದಿಲ್ಲ, ಮುಚ್ಚಲಾರದೆ ತೆರೆದೇ ಇರುತ್ತದೆ.

ರೆಪ್ಪೆಯು ಎಷ್ಟು ದಿನದಿಂದ ಜೋತಿದೆಯೆಂದು ಕೇಳಿದರೆ ರೋಗಿಗೂ ಮನೆಯವರಿಗೂ ನೆನಪಾಗುವುದು ಅಪರೂಪ. ನಿತ್ಯ ನೋಡುವ ಮುಖವನ್ನು ಯಾರು ತಾನೇ ನೋಡುತ್ತಾರೆ? ಆದುದರಿಂದ ಅನುಭವಿಯಾದ ವೈದ್ಯನು ಹಳೆಯ ಭಾವಚಿತ್ರಗಳಿದ್ದರೆ ತನ್ನಿರೆನ್ನುತ್ತಾನೆ. ಮದುವೆಯ ಆಲ್ಬಮ್ಮು, ಕಾಲೇಜಿನ ಗುರುತುಚೀಟಿ, ಯಾತ್ರೆಯಲ್ಲಿ ತೆಗೆಸಿದ ಗುಂಪುಚಿತ್ರ ಮೇಜಿನ ಮೇಲೆ ಬಂದು ಬೀಳುತ್ತವೆ. ಬಾಸಿಂಗದ ಕೆಳಗಿನ ಎಡಗಣ್ಣನ್ನು ಆತ ಭೂತಗನ್ನಡಿ ಹಿಡಿದು ನೋಡತೊಡಗುತ್ತಾನೆ, ಪಕ್ಕದಲ್ಲಿ ನಿಂತ ಹೆಂಡತಿಯೂ ಮೊದಲ ಸಲ ಎಂಬಂತೆ ಬಗ್ಗಿ ನೋಡುತ್ತಾಳೆ.