ಮದುವೆಯಲ್ಲಿ ಏನು ಓದೋಣ?

ಕೊಪ್ಪದ ಕಡೆಯ ಒಂದು ಅಡಿಕೆ ಅಂಗಳದಲ್ಲಿ ಈಚೆಗೆ ನೋಡಿದ ಮಂತ್ರ ಮಾಂಗಲ್ಯದ ಮದುವೆ ಇನ್ನೂ ತಲೆಯಿಂದ ಇಳಿದಿಲ್ಲ. ಓದಿಸಿದವರು ಹುಡುಗಿಯ ಸೋದರತ್ತೆ, ಪ್ರಾಥಮಿಕ ಶಾಲೆಯ ನಿವೃತ್ತ ಟೀಚರ್. ಅವರ ಕೈಲಿದ್ದ ಪುಸ್ತಿಕೆಯನ್ನು ಕೇಳಿ ಇಸಿದುಕೊಂಡು ನೋಡಿದೆ. ಉಸಿರು ತೆಗೆದುಕೊಳ್ಳಬೇಕಾದಲ್ಲೆಲ್ಲ ಕೆಂಪು ಪೆನ್ನಿನ ಒಂದು ಗೀಟು, ಮದುಮಕ್ಕಳು ತಿರುಗಿ ಹೇಳಬೇಕಾದಲ್ಲಿ ಎರಡು. ಉದ್ದದ ವಾಕ್ಯವೊಂದನ್ನು ಮೂರು ತುಂಡು ಮಾಡಿಕೊಂಡಿದ್ದರು. "ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಡಬೇಕು ಕಣ್ರೀ, ಮದುಮಕ್ಕಳ ಕಿವಿ ಆ ಹೊತ್ತಿಗೆ ಎಲ್ಲೋ ಇರುತ್ತೆ" ಎಂದರು. ಮೈಕ್ ಇರಲಿಲ್ಲ, ಹಿಂದಿನ ಬೆಂಚಿನವರಿಗೂ ಕೇಳಿತು. ಓದು, ಪ್ರತಿಜ್ಞೆ, ಹಾರ ಮುಗಿಯುವಷ್ಟರಲ್ಲಿ ಅಡುಗೆ ಭಟ್ಟರು ಇಣುಕಿ, "ಆಗೇ ಹೋಯ್ತಾ? ಪಾಯಸಕ್ಕೆ ಇನ್ನೂ ಬೆಲ್ಲ ಹಾಕಿಲ್ವಲ್ಲ!" ಎಂದು ಗಾಬರಿಯಾದರು.

1966ರಲ್ಲಿ ಪೂರ್ಣಚಂದ್ರ ತೇಜಸ್ವಿ–ರಾಜೇಶ್ವರಿ ಅವರ ಮದುವೆಗೆ ಕುವೆಂಪು ರೂಪಿಸಿಕೊಟ್ಟ ವಿಧಾನವಿದು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಆಯ್ದ ಮಂತ್ರಗಳು, ಅವುಗಳ ಕನ್ನಡ, ಜಾತಿ–ಮೌಢ್ಯಗಳ ಹಂಗು ಹರಿದುಕೊಳ್ಳುವ ಪ್ರತಿಜ್ಞೆ, ಇಷ್ಟೇ. ಯಾರು ಬೇಕಾದರೂ ಓದಿಸಬಹುದು.

ಈಗಿನ ತಕರಾರು ಬೇರೆ. ಪುಸ್ತಿಕೆಯ ಓದು ಚಿಕ್ಕದಾಯಿತೆಂದು ಮನೆಯವರು ತಮ್ಮದೂ ಒಂದಿರಲಿ ಎನ್ನುತ್ತಾರೆ. ಮಾವನದೊಂದು ವಚನ, ಗೆಳತಿಯದೊಂದು ಕವಿತೆ, ಯಾರೋ ಅಧ್ಯಾಪಕರದು ಸಂವಿಧಾನದ ಪ್ರಸ್ತಾವನೆ. ಸರಳ ಮದುವೆ ಕವಿಗೋಷ್ಠಿಯಾಗಲು ಎಷ್ಟು ಹೊತ್ತು?

ಅದಕ್ಕಿಂತ ನನ್ನನ್ನು ಕಾಡುವುದು ಆಯ್ಕೆಯ ವೈಚಿತ್ರ್ಯ. ಮದುವೆ ಮನೆಗಳಲ್ಲಿ ಬೇಂದ್ರೆಯವರ ಒಂದು ಕವಿತೆಯನ್ನು ಪ್ರೇಮಗೀತೆಯೆಂದೇ ತಿಳಿದು ಹಾಡಿಸುವುದುಂಟು. ಮಗುವನ್ನು ಕಳೆದುಕೊಂಡ ದುಃಖದಲ್ಲಿ, ಹೆಂಡತಿಯ ನೋಟವನ್ನು ಎದುರಿಸಲಾರದೆ ಬರೆದದ್ದು ಅದು. ಯಾವುದೆಂದು ನಿಮಗೆ ಗೊತ್ತು. ಇನ್ನು ಅಕ್ಕಮಹಾದೇವಿ. ಮಲ್ಲಿಕಾರ್ಜುನನ ಹೆಸರು ಬಂತೆಂದು ಭಕ್ತಿಯಿಂದ ಆರಿಸುತ್ತಾರೆ. ಅರಮನೆಯನ್ನೇ ಬಿಟ್ಟು ಹೊರಟವಳು, ಲೋಕದ ಗಂಡಂದಿರನ್ನು ಬೆಂಕಿಗೆ ಹಾಕುವ ಮಾತಾಡಿದವಳು. ಅವಳ ವಚನವನ್ನು ಹಸೆಮಣೆಯ ಮುಂದೆ ಓದುವಾಗ ಮದುಮಗ ತಲೆದೂಗುತ್ತಿದ್ದರೆ ನಗಬೇಕೋ ಅಳಬೇಕೋ! ಬಸವಣ್ಣನವರಲ್ಲಿ ನಡೆ–ನುಡಿಯ ವಚನಗಳಿವೆ, ಸಂಸಾರಕ್ಕೆ ಅವು ಸಾಲದೇ?

ದಾಂಪತ್ಯವೇ ಬೇಕೆಂದರೆ ಕೆ.ಎಸ್. ನರಸಿಂಹಸ್ವಾಮಿ ಇದ್ದಾರೆ. 1942ರ 'ಮೈಸೂರು ಮಲ್ಲಿಗೆ'ಯಲ್ಲಿ ಹೆಂಡತಿಯ ತವರಿದೆ, ಮುನಿಸಿದೆ, ಬಳೆಗಾರನಿದ್ದಾನೆ. ತೊಡಕು ಒಂದೇ. ಆ ಕವಿತೆಗಳು ಎಲ್ಲರಿಗೂ ಹಾಡಾಗಿಯೇ ಪರಿಚಯ. ಓದಲು ಶುರುಮಾಡಿದರೆ ಎರಡನೇ ಸಾಲಿಗೆ ಚಿಕ್ಕಮ್ಮಂದಿರು ರಾಗ ತೆಗೆಯುತ್ತಾರೆ. ತೆಗೆಯಲಿ ಬಿಡಿ.

ನನ್ನನ್ನು ಕೇಳುವವರಿಗೆ ಹೇಳುವುದಿಷ್ಟು. ಪುಸ್ತಿಕೆಯ ಆಚೆಗೆ ಒಂದೇ ಓದು ಸಾಕು, ಅದೂ ಎರಡು ನಿಮಿಷ ಮೀರದಿರಲಿ. ಹಿಂದಿನ ದಿನ ಮನೆಯ ಹಿರಿಯರೊಬ್ಬರಿಗೆ ಗಟ್ಟಿಯಾಗಿ ಓದಿ ಕೇಳಿಸಿ, ಅವರು ನಡುವೆ "ಏನಂದೆ?" ಎಂದರೆ ಬೇರೆಯದನ್ನು ಹುಡುಕಿ. ದನಿ ಚೆನ್ನಾಗಿರುವವರಿಗಿಂತ ಅವಸರ ಮಾಡದವರ ಕೈಗೆ ಕೊಡಿ.

ಮದುವೆಯ ಓದುಗಳಲ್ಲಿ ಅತಿ ಚಿಕ್ಕದು ಇರುವುದು ಕವಿತೆಯಲ್ಲಲ್ಲ, ಕಾನೂನಿನಲ್ಲಿ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು 30 ದಿನ ಮೊದಲೇ ನೋಟಿಸ್ ಕೊಟ್ಟಿರಬೇಕು. ಆಮೇಲೆ ವಿವಾಹಾಧಿಕಾರಿ ಹಾಗೂ ಮೂವರು ಸಾಕ್ಷಿಗಳ ಎದುರು, ನಿಮ್ಮನ್ನು ಸಂಗಾತಿಯಾಗಿ ಒಪ್ಪಿದ್ದೇನೆಂದು ಇಬ್ಬರೂ ಪರಸ್ಪರ ಹೇಳಲೇಬೇಕು. ಹೇಳದಿದ್ದರೆ ಮದುವೆ ಪೂರ್ಣವಾಗುವುದಿಲ್ಲ. ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಾದರೂ ಸರಿ, ಆದ್ದರಿಂದ ಕನ್ನಡದಲ್ಲೇ ಹೇಳಿ.